ಎರಡು ಸಲ ಕಾಯಿಲೆ ಬೀಳಬೇಡಿ

ನಿವೃತ್ತರಾದವರ ಆರೋಗ್ಯದ ಬಗ್ಗೆ ಹೆತ್ತ ಮಕ್ಕಳಿಗಿಂತ ಹೆಚ್ಚು ಕಾಳಜಿ ಇರುವುದು ವಿಮಾ ಏಜೆಂಟರಿಗೆ. "ಅಂಕಲ್, ಐದು ಲಕ್ಷದ ಪಾಲಿಸಿ ಈಗ ಯಾವ ಮೂಲೆಗೆ? ಮೇಲೊಂದು ಟಾಪ್ ಅಪ್ ಹಾಕಿಸಿಬಿಡಿ, ಪ್ರೀಮಿಯಂ ತೀರಾ ಕಡಿಮೆ." ಏಕೆ ಕಡಿಮೆ ಎಂದು ಅಂಕಲ್ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಬಿಲ್ಲು ಒಂದು ಮಿತಿ ದಾಟಿದ ಮೇಲಷ್ಟೇ ಟಾಪ್ ಅಪ್ ಹಣ ಕೊಡುತ್ತದೆ, ಆ ಮಿತಿಯೇ ಡಿಡಕ್ಟಿಬಲ್. ಅದು ಐದು ಲಕ್ಷ ಎಂದಿಟ್ಟುಕೊಳ್ಳಿ. ಜೂನ್‌ನಲ್ಲಿ ಹೃದಯ ಕೈಕೊಟ್ಟು ಮೂರು ಲಕ್ಷ ಬಿಲ್ಲಾಯಿತು. ಡಿಸೆಂಬರ್‌ನಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದು ನಾಲ್ಕು ಲಕ್ಷ. ಮೂಲ ಪಾಲಿಸಿಯ ಐದು ಲಕ್ಷ ಖಾಲಿ, ಇನ್ನೆರಡು ಲಕ್ಷ ಬಾಕಿ. ಟಾಪ್ ಅಪ್ ಕೊಡುವುದು ಸೊನ್ನೆ, ಏಕೆಂದರೆ ಅದಕ್ಕೆ ಒಂದೊಂದು ಸಲದ ಬಿಲ್ಲೂ ಐದು ಲಕ್ಷ ದಾಟಬೇಕು. ಸೂಪರ್ ಟಾಪ್ ಅಪ್ ಆಗಿದ್ದರೆ ವರ್ಷದ ಬಿಲ್ಲನ್ನೆಲ್ಲ ಕೂಡಿಸಿ ಆ ಎರಡು ಲಕ್ಷ ಕೊಡುತ್ತಿತ್ತು. ಆದ್ದರಿಂದ ಬರೀ ಟಾಪ್ ಅಪ್ ಕೊಂಡ ಹಿರಿಯರು ಶಿಸ್ತಿನಿಂದ ಕಾಯಿಲೆ ಬೀಳಬೇಕು. ಹೃದಯ, ಸೊಂಟ ಎರಡನ್ನೂ ಒಂದೇ ಅಡ್ಮಿಷನ್ನಿನಲ್ಲಿ ಮುಗಿಸಿಕೊಳ್ಳಬೇಕು.

ಮೂಲ ಪಾಲಿಸಿಯೇನು ಕಮ್ಮಿಯೇ? ರೂಮ್ ಬಾಡಿಗೆ ವಿಮಾ ಮೊತ್ತದ ಶೇ. 1 ಎಂದಿದ್ದರೆ ದಿನಕ್ಕೆ 5,000 ರೂಪಾಯಿ. ಮಗ ಅಮೆರಿಕದಿಂದ ಫೋನ್ ಮಾಡಿ "ಅಪ್ಪಾ, ಒಳ್ಳೇ ರೂಮೇ ತಗೊಳ್ಳಿ" ಎಂದ, ನೀವು 10,000ದ ರೂಮು ಹಿಡಿದಿರಿ. ಹೆಚ್ಚುವರಿ ಬಾಡಿಗೆಯಷ್ಟೇ ಕೈಬಿಟ್ಟರೆ ಪುಣ್ಯ. ಇಂಥ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರಿನ ಖರ್ಚೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತವೆ. ಕೋ-ಪೇ ಶೇ. 20 ಎಂದಿದ್ದರೆ ಉಳಿದದ್ದರಲ್ಲೂ ಐದನೇ ಒಂದು ಪಾಲು ನಿಮ್ಮದೇ.

ವಿಮಾ ನಿಯಂತ್ರಣ ಪ್ರಾಧಿಕಾರಕ್ಕೂ ಕರುಣೆಯಿದೆ. 65 ದಾಟಿದವರೂ ಹೊಸ ಪಾಲಿಸಿ ಕೊಳ್ಳಬಹುದೆಂದು 2024ರಲ್ಲಿ ವಯೋಮಿತಿ ತೆಗೆಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನೂ ನಾಲ್ಕರಿಂದ ಮೂರು ವರ್ಷಕ್ಕಿಳಿಸಿತು. ಎಪ್ಪತ್ತೆರಡರ ಅಜ್ಜ ಮೂರು ವರ್ಷ ತನ್ನ ಶುಗರಿಗೆ ಬುದ್ಧಿ ಹೇಳಿಕೊಂಡಿದ್ದರೆ ಸಾಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಮೇಲಿನ ಶೇ. 18 ಜಿಎಸ್‌ಟಿಯೂ ಹೋಯಿತು. ಅಷ್ಟು ದಿನ ಪಿಂಚಣಿದಾರರ ಮುಪ್ಪಿಗೂ ತೆರಿಗೆಯಿತ್ತು ಎಂಬುದನ್ನು ಯಾರೂ ಎತ್ತಿ ಆಡಬಾರದು.

ಏಜೆಂಟರು ತೋರಿಸುವ ಬಣ್ಣದ ಹೋಲಿಕೆ ಪಟ್ಟಿಯಲ್ಲಿ ಜಿಮ್ ರಿಯಾಯಿತಿಗೆಲ್ಲ ಹಸಿರು ಟಿಕ್ ಹಾಕಿರುತ್ತಾರೆ. ಅದನ್ನು ಮಡಿಸಿಟ್ಟು ಡಿಡಕ್ಟಿಬಲ್ ಪ್ರತಿ ಕ್ಲೇಮಿಗೋ ಇಡೀ ವರ್ಷಕ್ಕೋ ಎಂದು ಕೇಳಿ, ಪಾಲಿಸಿಯಲ್ಲೇ ಬೆರಳಿಟ್ಟು ತೋರಿಸಲು ಹೇಳಿ. ಸಹಿ ಹಾಕಿ ಆಗಿಹೋಯಿತೇ? ಪಾಲಿಸಿ ಕೈಸೇರಿ 30 ದಿನವಾಗಿಲ್ಲದಿದ್ದರೆ ಈಗಲೂ ಹಿಂದಿರುಗಿಸಬಹುದು.