ಕುಲಾವಿಯಮ್ಮ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಮ್ಮಲ್ಲಿ ಆತುರದವರನ್ನು ಆಡಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಆಡಿಕೊಳ್ಳುವ ಹಾಗಿಲ್ಲ. ಇಲ್ಲಿ ಅಂಥವರಿಗೊಂದು ಸಂಘವಿದೆ, ವಾರಕ್ಕೊಂದು ಸಭೆಯಿದೆ, ಸಭೆಗೆ ಬಿಸ್ಕತ್ತಿನ ಡಬ್ಬಿಯಿದೆ. ಡಿಸೆಂಬರ್ 25ರ ಹಬ್ಬಕ್ಕೆ ಜನವರಿ 2ರಂದೇ ಕುಲಾವಿ ಹೆಣೆಯಲು ಕೂರುವ ಹೆಂಗಸು ಈ ದೇಶದ ಯಾವ ಊರಿಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಅಂಗಡಿಯವರು ಹಬ್ಬದ ಕೆಂಪು, ಹಸಿರು, ಬಿಳಿ ದಾರವನ್ನು ಅರ್ಧ ಬೆಲೆಗೆ ಮಾರುವುದು ಆಗಲೇ. ಹಿಂದಿನ ಕ್ರಿಸ್‌ಮಸ್ಸಿನ ಊಟ ಇನ್ನೂ ಜೀರ್ಣವಾಗಿರುವುದಿಲ್ಲ, ಇವರ ಮುಂದಿನ ಕ್ರಿಸ್‌ಮಸ್ ಕಡ್ಡಿಗೆ ಏರಿರುತ್ತದೆ.

ಕುಲಾವಿ ಯಾರಿಗೆ ಅಂತ ಕೇಳಿ. ಕಿತ್ತಳೆ ಆಕಾರದ ಚಾಕೊಲೇಟಿಗೆ. ಬೆಳಗಿನ ತಿಂಡಿಯ ಬೇಯಿಸಿದ ಮೊಟ್ಟೆಗೆ. ವೈನ್ ಬಾಟಲಿಗೆ, ಟೀ ಪಾಟಿಗೆ, ಬಿಸಿನೀರಿನ ಚೀಲಕ್ಕೆ, ರಸ್ತೆ ಬದಿಯ ಅಂಚೆ ಪೆಟ್ಟಿಗೆಗೆ. ನಾವಿರುವ ಯಾರ್ಕ್‌ಷೈರಿನ ಸಣ್ಣ ಊರಿನಲ್ಲಿ ಇಂಥವರೊಬ್ಬರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ನಮ್ಮ ಮನೆಯೊಳಗೆ ಅವರಿಗೆ ಇಟ್ಟಿರುವ ಹೆಸರು ಕುಲಾವಿಯಮ್ಮ.

ವಯಸ್ಸು ಎಪ್ಪತ್ತು ದಾಟಿದೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿರುತ್ತಾರೆ. ಕೈಚೀಲದಲ್ಲಿ ಅಳತೆ ಟೇಪು, ಪುಟ್ಟ ಕತ್ತರಿ, 4 ಮಿಲಿಮೀಟರ್ ದಪ್ಪದ ಕಡ್ಡಿಗಳ ಜೋಡಿ, ಅರ್ಧ ಆಗಿರುವ ಒಂದು ಕುಲಾವಿ ಸದಾ ಇರಬೇಕು. ಬಸ್ಸಿನಲ್ಲಿ ಹೆಣೆಯುತ್ತಾರೆ, ಡಾಕ್ಟರ ಬಳಿ ಕಾಯುವಾಗ ಹೆಣೆಯುತ್ತಾರೆ, ಟಿವಿಯಲ್ಲಿ ಕೊಲೆಗಾರ ಯಾರೆಂದು ತಿಳಿಯುವ ಗಳಿಗೆಯಲ್ಲೂ ಹೆಣೆಯುತ್ತಾರೆ. ಕೈಯ ಕಡೆ ನೋಡುವ ಪದ್ಧತಿಯೇ ಇಲ್ಲ. ಆದರೆ ತುಟಿ ಅಲುಗುತ್ತಿದ್ದರೆ ಮಾತಾಡಿಸಬಾರದು, ಅದು ಕುಣಿಕೆ ಎಣಿಸುವ ಸಮಯ. ಆಗ ‘ಚೆನ್ನಾಗಿದ್ದೀರಾ’ ಎಂದು ಕೇಳಿದವರಿಗೆ ‘ಮೂವತ್ತೆರಡು’ ಎಂಬ ಉತ್ತರ ಬರುತ್ತದೆ.

ಅವರ ಕಣ್ಣೇ ಬೇರೆ. ಹಣ್ಣಿನಂಗಡಿಯಲ್ಲಿ ನಮಗೆ ಹಣ್ಣು ಕಂಡರೆ ಅವರಿಗೆ ತಲೆಗಳು ಕಾಣುತ್ತವೆ, ಎಲ್ಲವೂ ಬೋಳು. ದುಂಡಗಿರುವ ಯಾವುದೂ ಈ ಚಳಿಯ ದೇಶದಲ್ಲಿ ಬರಿತಲೆಯಲ್ಲಿ ಇರುವುದು ಅವರಿಗೆ ಸಹಿಸದು. ಮಾತಾಡುತ್ತ ಆಡುತ್ತ ಅವರ ದೃಷ್ಟಿ ನಿಮ್ಮ ಹಣೆ ದಾಟಿ ಮೇಲೆ ಹೋಗಿ ಅಲ್ಲೇ ಸುತ್ತತೊಡಗಿದರೆ, ನಿಮ್ಮ ಅಳತೆ ಅವರ ಲೆಕ್ಕಕ್ಕೆ ಸೇರಿತು.

ಅವರ ಕೈಯ ಖ್ಯಾತಿಯೆಲ್ಲ ಪುಡಿಂಗಿನ ಕುಲಾವಿಯದು. ಕ್ರಿಸ್‌ಮಸ್ ಪುಡಿಂಗ್ ಎಂದರೆ ಒಣದ್ರಾಕ್ಷಿ, ಸಕ್ಕರೆ, ಕೊಬ್ಬು, ಮಸಾಲೆ ಕಲಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ ಕಪ್ಪು ಮುದ್ದೆ. ಹಬ್ಬದ ದಿನ ಅದಕ್ಕೆ ಬ್ರಾಂದಿ ಸುರಿದು ಬೆಂಕಿ ಹಚ್ಚಿ ಮೇಜಿಗೆ ತರುತ್ತಾರೆ. ‘ಒಂದೇ ಚಮಚ ಸಾಕು’ ಅಂತ ಎಲ್ಲರೂ ಹೇಳುವ ಈ ಪದಾರ್ಥವನ್ನು ದಾರದಲ್ಲಿ ಹೆಣೆದು ಕೊಟ್ಟರೆ ಮಾತ್ರ ಎರಡು ಕೊಡಿ, ಮೂರು ಕೊಡಿ ಅಂತ ಮುಗಿಬೀಳುತ್ತಾರೆ. ಕೆಳಗರ್ಧ ಕಂದು ಬಣ್ಣ, ಮೇಲೆ ಕೆನೆ ಇಳಿದಂತೆ ಬಿಳಿ, ನೆತ್ತಿಯಲ್ಲಿ ಹಾಲಿ ಗಿಡದ ಎರಡು ಮುಳ್ಳೆಲೆ, ಮೂರು ಕೆಂಪು ಹಣ್ಣು. ಹಣ್ಣು ಮೂರೇ ಇರಬೇಕು. ಅವನ್ನೂ ದಾರದಲ್ಲೇ ಉರುಟಿಸಿ ಹೊಲಿಯಬೇಕು. ಅಂಗಡಿಯ ಮಣಿ ತಂದು ಅಂಟಿಸುವವರ ಮನೆಯಲ್ಲಿ ಕುಲಾವಿಯಮ್ಮ ಟೀ ಕೂಡ ಕುಡಿಯುವುದಿಲ್ಲ.

ಈ ಕುಲಾವಿಯ ಒಳಗೆ ಕೂರುವುದು ಟೆರ್ರಿಸ್ ಚಾಕೊಲೇಟ್ ಆರೆಂಜ್. 1932ರಲ್ಲಿ ಇಲ್ಲೇ ಯಾರ್ಕ್ ನಗರದಲ್ಲಿ ಹುಟ್ಟಿದ್ದು. ಕಿತ್ತಳೆಯ ಆಕಾರ, ಕಿತ್ತಳೆಯ ಘಮ, ಒಳಗೆ 20 ಹೋಳು. ಮೇಜಿಗೆ ಒಂದೇಟು ಕುಟ್ಟಿ ಕಾಗದ ಬಿಚ್ಚಿದರೆ ಹೋಳು ಬಿಡಿಸಿಕೊಳ್ಳುತ್ತದೆ. ಯಾರ್ಕಿನ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿತು, ಕಿತ್ತಳೆ ಈಗ ಫ್ರಾನ್ಸಿನಲ್ಲಿ ತಯಾರಾಗುತ್ತದೆ. ಆದರೂ ಯಾರ್ಕ್‌ಷೈರಿನವರಿಗೆ ಅದು ದೂರದೂರಿಗೆ ಕೊಟ್ಟ ಮನೆಮಗಳು. ಹಬ್ಬಕ್ಕೆ ಬಂದಾಗ ತಲೆಗೊಂದು ಹೊಸದು ಹಾಕದೆ ಕಳಿಸುವುದುಂಟೆ? 2016ರಲ್ಲಿ ಅದರ ತೂಕ 175 ಗ್ರಾಂನಿಂದ 157 ಗ್ರಾಂಗೆ ಇಳಿಯಿತು. ಹೋಳುಗಳ ಅಚ್ಚು ಬದಲಾಗಿ ನಡುವೆ ಸಂದು ಬಿತ್ತು. ದೇಶವೆಲ್ಲ ಗೊಣಗಿತು. ಕುಲಾವಿಯಮ್ಮ ಟೇಪು ತೆಗೆದು ಸುತ್ತಳತೆ ನೋಡಿ, ‘ತಲೆ ಸರಿಯಾಗಿದೆ, ಒಳಗೆ ಎಷ್ಟಿದ್ದರೆ ನಮಗೇನು’ ಎಂದು ಕಡ್ಡಿ ಕೈಗೆತ್ತಿಕೊಂಡರಂತೆ.

ಇದರ ಮರಿ ಆವೃತ್ತಿಯೂ ಉಂಟು. ಚಿನ್ನದ ಕಾಗದದ ಫೆರೆರೊ ರೋಶೆಗೆ ಹೆಬ್ಬೆಟ್ಟಿಗಿಂತ ತುಸು ದೊಡ್ಡ ಪುಡಿಂಗ್ ಟೋಪಿ. ಅದಕ್ಕೆ ಅಳತೆಯೂ ಬೇಡ, ಎಣಿಕೆಯೂ ಬೇಡ. ಯಾರ್ಕಿಗೆ ಹೋಗುವ ಬಸ್ಸಿನಲ್ಲಿ ಒಂದು, ಬರುವಾಗ ಇನ್ನೊಂದು.

ಈ ಕಲೆಗೆ ತಮ್ಮನ್ನು ತೆತ್ತುಕೊಂಡವರು ಅವರ ಯಜಮಾನರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮೃದು ಮನುಷ್ಯ. ದಾರದ ಲಡಿ ಬಿಚ್ಚಿ ಉಂಡೆ ಸುತ್ತುವಾಗ ಎರಡು ಕೈ ಚಾಚಿ ಶರಣಾದ ಖೈದಿಯ ಭಂಗಿಯಲ್ಲಿ ಕೂರುವುದು ಅವರ ಕೆಲಸ. ಕುಲಾವಿ ತೊಡಿಸಿ ನೋಡಿದ ಮಾದರಿ ಕಿತ್ತಳೆಗಳನ್ನು ತಿಂದು ಖಾಲಿ ಮಾಡುವುದೂ ಅವರದೇ ಹೊಣೆ. ಸಕ್ಕರೆ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದಾಗ, ‘ಫೆಬ್ರವರಿಯವರೆಗೆ ಆಗೋದಿಲ್ಲ, ಆರ್ಡರ್ ಇದೆ’ ಅಂದರಂತೆ. ಅವರ ಟೀ ಪಾಟಿಗೆ ಹಿಮಸಾರಂಗದ ಮುಖ, ಮೊಟ್ಟೆಗೆ ಸಾಂತಾನ ಟೋಪಿ, ಬಿಸಿನೀರಿನ ಚೀಲಕ್ಕೆ ಹಿಮಮಾನವನ ಅಂಗಿ. ಒಮ್ಮೆ ಆ ಸಾರಂಗವನ್ನು ನೋಡಿ ‘ಇದು ಹಸುವಾ?’ ಎಂದು ಕೇಳಿಬಿಟ್ಟಿದ್ದರಂತೆ. ಅಂದಿನಿಂದ ಅವರ ಶಬ್ದಕೋಶದಲ್ಲಿ ಉಳಿದಿರುವುದು ಒಂದೇ ವಾಕ್ಯ: ‘ತುಂಬಾ ಚೆನ್ನಾಗಿದೆ.’

ಗುರುವಾರ ಚರ್ಚಿನ ಹಾಲಿನಲ್ಲಿ ಹೆಣಿಗೆಯವರ ಸಭೆ. ಹೆಣಿಗೆ ಅರ್ಧ, ಊರ ಸುದ್ದಿ ಅರ್ಧ. ಎರಡು ಕಡ್ಡಿಯವರು ಕಿಟಕಿ ಕಡೆ, ಒಂದೇ ಕೊಕ್ಕೆಯ ಕ್ರೋಶಾದವರು ಹೀಟರಿನ ಕಡೆ. ಎರಡು ಪಕ್ಷದವರೂ ಬಿಸ್ಕತ್ತಿನ ಡಬ್ಬಿಯ ಬಳಿ ಸಂಧಿಸಿ ನಗುತ್ತಾರೆ, ಅದರಾಚೆ ಸ್ನೇಹ ಬೆಳೆಸುವುದಿಲ್ಲ. ಅವರು ಕೂಡಿ ಮಾಡುವ ಕಾರ್ಯ ವರ್ಷಕ್ಕೊಂದೇ, ಅಂಚೆ ಪೆಟ್ಟಿಗೆಯ ಕಿರೀಟ. ಬ್ರಿಟಿಷರಿಗೆ ರಸ್ತೆ ಬದಿಯ ಅಂಚೆ ಪೆಟ್ಟಿಗೆಯನ್ನು ಕೊಡಿಸಿದ್ದು ಅಂಚೆ ಇಲಾಖೆಯಲ್ಲಿದ್ದ ಕಾದಂಬರಿಕಾರ ಆಂಥೊನಿ ಟ್ರೊಲೋಪ್. 1852ರಲ್ಲಿ ಚಾನೆಲ್ ದ್ವೀಪಗಳಲ್ಲಿ ಮೊದಲು ನಿಲ್ಲಿಸಿದರು, 1874ರಿಂದ ಕೆಂಪು ಬಣ್ಣ ಬಳಿಯತೊಡಗಿದರು. ದುಂಡು ಮೈ, ದುಂಡು ನೆತ್ತಿ, ಚಳಿ ಮಳೆಗೆ ಬೀದಿಯಲ್ಲೇ ನಿಂತ ಜೀವ. ಕುಲಾವಿಯಮ್ಮನಂಥವರ ಕೈಗೆ ಅದು ಇಷ್ಟು ತಡವಾಗಿ ಸಿಕ್ಕಿದ್ದೇ ಆಶ್ಚರ್ಯ.

ನವೆಂಬರಿನ ಒಂದು ಮಧ್ಯಾಹ್ನ ಮೂವರು ಮುದುಕಿಯರು ಪೆಟ್ಟಿಗೆಯನ್ನು ತಬ್ಬಿಕೊಂಡಂತೆ ನಿಂತು ಟೇಪು ಸುತ್ತುತ್ತಾರೆ. ಕಾಗದ ಹಾಕಲು ಬಂದವರು ಏನೂ ಕಾಣದವರಂತೆ ಹಾಕಿ ಹೋಗುತ್ತಾರೆ. ಡಿಸೆಂಬರ್ ಒಂದರ ಬೆಳಕು ಹರಿಯುವ ಮುನ್ನ, ಯಾರೂ ನೋಡದಂತೆ, ಕಿರೀಟ ಏರಿಬಿಡಬೇಕು. ಬಾಲಯೇಸು, ಮೇರಿ, ಜೋಸೆಫ್, ಮೂವರು ಜ್ಞಾನಿಗಳು, ಕುರಿ ಎಷ್ಟು ಹಿಡಿದರೆ ಅಷ್ಟು, ಮೂಲೆಯಲ್ಲಿ ಒಂದು ಕೆಂಪೆದೆಯ ರಾಬಿನ್ ಹಕ್ಕಿ. ರಾಬಿನ್ ಇಲ್ಲಿಗೆ ಬಂದದ್ದಕ್ಕೂ ಕಾರಣವಿದೆ. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಯವರು ಕೆಂಪು ಕೋಟು ಹಾಕುತ್ತಿದ್ದರು, ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಒಂದು ವರ್ಷ ಯಾರೋ ಜ್ಞಾನಿಗಳಲ್ಲಿ ಒಬ್ಬರನ್ನು ಕದ್ದೊಯ್ದರು. ತುರ್ತು ಸಭೆ ಸೇರಿತು. ಹೊಸಬರನ್ನು ಹೆಣೆಯಲು ಸಮಯವಿಲ್ಲದೆ, ಹಳೆಯ ಪೆಂಗ್ವಿನ್ ಒಂದಕ್ಕೆ ಕಿರೀಟ ತೊಡಿಸಿ ಬಾಲಯೇಸುವಿನ ಮುಂದೆ ನಿಲ್ಲಿಸಿದರು. ಊರಿನ ಮಕ್ಕಳಿಗೆ ಉಳಿದಿಬ್ಬರು ಜ್ಞಾನಿಗಳಿಗಿಂತ ಇದೇ ಮೆಚ್ಚುಗೆಯಾಯಿತು.

ಡಿಸೆಂಬರಿನ ಮೊದಲ ಶನಿವಾರ ಸಂತೆ. ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆಯೊಂದಕ್ಕೆ ದುಡ್ಡು ಕೂಡಿಸಲು ಕುಲಾವಿಗಳು ಮಾರಾಟಕ್ಕೆ ಬರುತ್ತವೆ. ಚಾಕೊಲೇಟಿನ ಬೆಲೆ ಕಳೆದು, ದಾರದ ಬೆಲೆ ಕಳೆದು, ಎರಡು ಸಂಜೆಯ ಕೂಲಿ ಲೆಕ್ಕ ಹಾಕಿದರೆ ಕುಲಾವಿಯಮ್ಮನ ದುಡಿಮೆ ಗಂಟೆಗೆ ಕೆಲವೇ ಪೆನ್ಸ್. ಈ ಗಣಿತವನ್ನು ಅವರ ಮುಂದೆ ಬಿಡಿಸಿಟ್ಟೆ. ‘ಇದರ ಬದಲು ಜನ ಆ ದುಡ್ಡನ್ನು ನೇರವಾಗಿ ಆಸ್ಪತ್ರೆಗೆ ಕೊಡಬಹುದಲ್ಲ?’

‘ಕೊಡಬಹುದು, ಲವ್. ಕೊಡ್ತಾರಾ?’

ಮುಂದೆ ಮಾತಿಲ್ಲ. ಇಲ್ಲಿನ ಹಣ್ಣಿನ ರಸದ ಕಂಪನಿ ಇನ್ನೊಸೆಂಟ್ ಇದೇ ಸತ್ಯ ಹಿಡಿದು 2003ರಲ್ಲಿ ತನ್ನ ಬಾಟಲಿಗಳಿಗೆ ಪುಟ್ಟ ಟೋಪಿ ಹೆಣೆದು ಕಳಿಸಿ ಎಂದು ಜನರನ್ನು ಕೇಳಿಕೊಂಡಿತು. ಟೋಪಿ ಹಾಕಿದ ಒಂದೊಂದು ಬಾಟಲಿ ಮಾರಾಟವಾದಾಗಲೂ ಒಂದಷ್ಟು ಪೆನ್ಸ್ ವೃದ್ಧರ ಸೇವಾ ಸಂಸ್ಥೆಗೆ ಹೋಗತೊಡಗಿತು. ದೇಶದ ಕುಲಾವಿಯಮ್ಮಂದಿರೆಲ್ಲ ಕಡ್ಡಿ ಹಿಡಿದು ಎದ್ದರು. ದಾನಕ್ಕೆ ಕೈ ಬಾರದವನೂ ಬಾಟಲಿಯ ತಲೆಯ ಮೇಲೆ ಟೋಪಿ ಕಂಡರೆ ಜೇಬಿಗೆ ಕೈ ಹಾಕುತ್ತಾನೆ.

ಚಾಕೊಲೇಟಿನ ಆಯಸ್ಸು ಒಂದು ಸಂಜೆ. ಕುಲಾವಿಗೆ ಸಾವಿಲ್ಲ. ತಿಂದಾದ ಮೇಲೆ ಅದನ್ನು ಎಸೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಕಾರಣ ಸಿಗದು. ನಮ್ಮ ಮೇಜಿನ ಡ್ರಾಯರಿನಲ್ಲಿ ಚಾವಿ, ಬ್ಯಾಟರಿಗಳ ನಡುವೆ ಹಲವು ಖಾಲಿ ಪುಡಿಂಗುಗಳು ಬಾಯಿ ತೆರೆದುಕೊಂಡು ಬಿದ್ದಿವೆ. ಧೈರ್ಯವಂತರು ಅವನ್ನು ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಸಾಗಿಸುತ್ತಾರೆ. ಕುಲಾವಿಯಮ್ಮ ಒಮ್ಮೆ ಅಲ್ಲಿ ತಮ್ಮದೇ ಕುಲಾವಿಯನ್ನು ಕಂಡರು. ಅಳುತ್ತಾರೇನೋ ಅಂದುಕೊಂಡೆ. ಮಗುಚಿ ಒಳಗಿನ ಹೊಲಿಗೆ ನೋಡಿದರು, ‘ಒಳ್ಳೆ ಕೆಲಸ’ ಎಂದು ತಮಗೆ ತಾವೇ ಭೇಷ್ ಹೇಳಿಕೊಂಡರು, ದುಡ್ಡು ಕೊಟ್ಟು ಕೊಂಡು ಬಂದರು. ಆ ವರ್ಷದ ಸಂತೆಯಲ್ಲಿ ಅದು ಮತ್ತೆ ಮಾರಾಟವಾಯಿತು.

ಕೈಗೆ ಕೆಲಸವಿಲ್ಲದೆ ಹೀಗೆ ಮಾಡುತ್ತಾರೆ ಎಂದು ತಿಳಿದವರು ಅವರ ಮನೆತನದ ಕತೆ ಕೇಳಬೇಕು. ಅವರ ತಾಯಿ ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ ಹೆಣೆದವರು. 1941ರಿಂದ 1949ರವರೆಗೆ ಈ ದೇಶದಲ್ಲಿ ಬಟ್ಟೆಗೂ ರೇಷನ್ ಇತ್ತು, ಹೆಣಿಗೆಯ ಉಣ್ಣೆಗೂ ಕೂಪನ್ ಕೊಡಬೇಕಿತ್ತು. ಹಳೆಯ ಸ್ವೆಟರ್ ಬಿಚ್ಚಿ, ದಾರ ತೊಳೆದು ಒಣಗಿಸಿ ಹೊಸದನ್ನು ಹೆಣೆಯುತ್ತಿದ್ದರಂತೆ. ಆ ತಾಯಿಯ ಕೈ ಮಗಳಿಗೆ ಬಂತು. ಮಗಳು ಗಂಡನಿಗೆ, ಮಕ್ಕಳಿಗೆ, ಮಕ್ಕಳ ಗೊಂಬೆಗಳಿಗೆ ಹೆಣೆದರು. ಮಕ್ಕಳು ದೊಡ್ಡವರಾಗಿ ಊರು ಬಿಟ್ಟರು. ಮೊಮ್ಮಕ್ಕಳು ಅಜ್ಜಿಯ ಸ್ವೆಟರನ್ನು ಅಜ್ಜಿ ಬಂದಾಗ ಮಾತ್ರ ಹಾಕಿದರು, ‘ಚುಚ್ಚುತ್ತೆ’ ಎಂದರು. ಸೊಸೆ ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದಳು, ಹೊರಬಂದಾಗ ಅದು ಗೊಂಬೆಯ ಅಳತೆಗೆ ಇಳಿದಿತ್ತು. ಅಂದಿನಿಂದ ಕುಲಾವಿಯಮ್ಮ ಉಣ್ಣೆ ಬಿಟ್ಟು, ಎಷ್ಟು ಒಗೆದರೂ ಕುಗ್ಗದ ಅಕ್ರಿಲಿಕ್ ದಾರಕ್ಕೆ ಬಂದರು. ಮೊಮ್ಮಕ್ಕಳನ್ನು ಬಿಟ್ಟು ಚಾಕೊಲೇಟಿಗೆ ಬಂದರು. ಕಿತ್ತಳೆ ಬೆಳೆದು ದೊಡ್ಡದಾಗುವುದಿಲ್ಲ. ಚುಚ್ಚುತ್ತೆ ಎನ್ನುವುದಿಲ್ಲ. ತೊಡಿಸಿದ್ದನ್ನು ತೊಟ್ಟುಕೊಂಡು ಸುಮ್ಮನೆ ಕೂರುತ್ತದೆ. ಹೆಣೆಯುವ ಕೈಗೆ ಎಲ್ಲಾದರೂ ಒಂದು ತಲೆ ಬೇಕಲ್ಲ.

ನನ್ನ ತಾಯಿ ಮೈಸೂರಿನಿಂದ ಬಂದಿದ್ದಾಗ ನಾನು ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅಮ್ಮ ನಗಲಿಲ್ಲ.

‘ಅದರಲ್ಲಿ ನಗೋದೇನಿದೆಯೋ? ವರಮಹಾಲಕ್ಷ್ಮಿ ಹಬ್ಬಕ್ಕೆ ನಾವು ಕಳಶದ ತೆಂಗಿನಕಾಯಿಗೆ ಮುಖ ಕಟ್ಟಿ, ಜರಿ ಸೀರೆ ಉಡಿಸಿ, ಡಾಬು ಹಾಕಿ ಕೂರಿಸಲ್ವಾ? ನೆರಿಗೆ ಸರಿ ಬರಲಿಲ್ಲ ಅಂತ ನಿನ್ನ ಅತ್ತೆ ರಾತ್ರಿ ಹನ್ನೆರಡರವರೆಗೆ ಎದ್ದಿರ್ತಾಳೆ. ಅವರ ಕಾಯಿಗೆ ಟೋಪಿ, ನಮ್ಮ ಕಾಯಿಗೆ ಸೀರೆ.’

ಅಮ್ಮನಿಗೆ ಇಂಗ್ಲಿಷ್ ಬಾರದು, ಕುಲಾವಿಯಮ್ಮನಿಗೆ ಕನ್ನಡ ಬಾರದು. ಇಬ್ಬರೂ ಸೋಫಾದಲ್ಲಿ ಕೂತು ಫೋನಿನಲ್ಲಿ ಲಕ್ಷ್ಮಿಯ ಫೋಟೋ ನೋಡಿದರು. ಕುಲಾವಿಯಮ್ಮ ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರ ಹಿಗ್ಗಿಸಿ, ನೆರಿಗೆ ಎಣಿಸಿ, ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ‘ಸುತ್ತಳತೆ ಎಷ್ಟು?’

ಮುಂದಿನ ಶ್ರಾವಣಕ್ಕೆ ಸರಿಯಾಗಿ ನಮ್ಮ ಬಾಗಿಲಿಗೆ ಒಂದು ಪೊಟ್ಟಣ ಬಂತು. ಒಳಗೆ ಕಳಶದ ಅಳತೆಗೆ ಹೆಣೆದ ಹಸಿರು ರವಿಕೆ, ಕೆಂಪು ಅಂಚು, ಎದೆಯ ಮೇಲೆ ಎರಡು ಹಾಲಿ ಎಲೆ, ಮೂರು ಹಣ್ಣು. ಅವಿಲ್ಲದೆ ಹಬ್ಬ ಹೇಗಾಗುತ್ತದೆ ಎಂಬುದು ಕುಲಾವಿಯಮ್ಮನಿಗೆ ಹೊಳೆದಿರಲಾರದು. ಹಬ್ಬದ ಬೆಳಿಗ್ಗೆ ನನ್ನ ಹೆಂಡತಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಇದನ್ನು ಲಕ್ಷ್ಮಿಗೆ ತೊಡಿಸಬಹುದಾ ಎಂದು ಕೇಳಿದಳು. ಅಮ್ಮ ಹತ್ತಿರದಿಂದ ನೋಡಿ ತೀರ್ಪು ಕೊಟ್ಟರು:

‘ಧಾರಾಳವಾಗಿ ಹಾಕಮ್ಮ. ಉಣ್ಣೆಗೆ ಮೈಲಿಗೆ ಅನ್ನೋದೇ ಇಲ್ಲ.’

ಅದು ನೂರಕ್ಕೆ ನೂರು ಅಕ್ರಿಲಿಕ್ ಎಂದು ಹೇಳಲು ನಾನು ಬಾಯಿ ತೆರೆದೆ. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.