ಒಂದಿಂಚು ಇಪ್ಪತ್ತು ಸೆಂಟು ಹಾಡು

ಕಾಫಿ ಸೀಮೆಯಲ್ಲಿ ಮಳೆಯನ್ನು ಯಾರೂ ಹೊಗಳುವುದಿಲ್ಲ, ಅಳೆಯುತ್ತಾರೆ. ಮೂಡಿಗೆರೆ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು ‘ಚೆನ್ನಾಗಿದ್ದೀರಾ’ ಎಂದಲ್ಲ, ‘ನಿಮ್ಮಲ್ಲಿ ನಿನ್ನೆ ಎಷ್ಟು?’ ಎಂದು. ಉತ್ತರವೂ ಸಿದ್ಧ: ‘ಒಂದಿಂಚು ಇಪ್ಪತ್ತು ಸೆಂಟು.’ ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ನಾವು ಮಾತ್ರ ದೊರೆಗಳು ಬಿಟ್ಟುಹೋದ ಇಂಚು, ಸೆಂಟುಗಳನ್ನು ಇವತ್ತಿಗೂ ಬಿಟ್ಟಿಲ್ಲ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಎದ್ದು ಗೇಜು ನೋಡಿ ಡೈರಿಯಲ್ಲಿ ಬರೆದ ಮೇಲೆಯೇ ಕಾಫಿ ಲೋಟ ಮುಟ್ಟುವವರು. ಆ ಡೈರಿಯಲ್ಲಿ ಮನೆಯ ಚರಿತ್ರೆಯೆಲ್ಲ ಇದೆ. ಆದರೆ ಎಲ್ಲವೂ ಮಳೆಯ ಪಕ್ಕದಲ್ಲಿ ಸ್ವಲ್ಪ ಮುದುಡಿಕೊಂಡು ಕೂತಿದೆ: ‘12 ಸೆಂಟು. ಮಗಳ ಮದುವೆ.’

ಈ ಲೆಕ್ಕಾಚಾರಕ್ಕೆ ಕಾರಣವಿದೆ. ಮಾರ್ಚ್, ಏಪ್ರಿಲಿನಲ್ಲಿ ಒಂದಿಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ವಾಸನೆ ಮನೆಯೊಳಗೆ ನುಗ್ಗುತ್ತದೆ. ಆಗ ಮಳೆ ದೇವರು. ಜುಲೈಯಲ್ಲಿ ಅದೇ ಮಳೆ ಬಿಡದೆ ಹೊಡೆದರೆ ಕೊಳೆರೋಗ. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ಕಣದಲ್ಲಿ ಹರಡಿದ ಹೊತ್ತಿಗೆ ನಾಲ್ಕು ಹನಿ ಬಿದ್ದರೂ ಸಾಕು, ಟಾರ್ಪಾಲು ಹಿಡಿದು ಮನೆಮಂದಿಯೆಲ್ಲ ಓಡಬೇಕು.

ಇಂಥ ಸಮಯ ನೋಡಿಯೇ, 2006ರ ಡಿಸೆಂಬರ್ 29ರಂದು, ‘ಮುಂಗಾರು ಮಳೆ’ ಬಿಡುಗಡೆಯಾಯಿತು.

ಯೋಗರಾಜ ಭಟ್ಟರ ನಿರ್ದೇಶನ, ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ದನಿ. ಆ ‘ಅನಿಸುತಿದೆ’ ಹಾಡು ಹೇಗೆ ಹಬ್ಬಿತೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಳಸ, ಹೊರನಾಡಿನ ಬಸ್ಸಿನಲ್ಲಿ ಅದು, ಕೊಯ್ಲಿಗೆ ಆಳು ತರುವ ಪಿಕಪ್ಪಿನಲ್ಲಿ ಅದು, ಮದುವೆ ಚಪ್ಪರದಲ್ಲಿ ಅದು. ಫೋನು ಮಾಡಿದರೆ ಆ ಕಡೆ ರಿಂಗಾಗುವ ಬದಲು ಅದೇ. ಸಾಲ ವಸೂಲಿಗೆ ಫೋನು ಮಾಡಿದವರೂ ಹಾಡು ಕೇಳುತ್ತಾ ಒಂದು ನಿಮಿಷ ಮೆತ್ತಗಾಗುತ್ತಿದ್ದರು. ಟಾಪ್ ಟೆನ್ ಪಟ್ಟಿ ನೋಡಿಕೊಂಡು ಹಾಡು ಕೇಳುವ ಅಭ್ಯಾಸ ನಮಗಿಲ್ಲ. ನಮ್ಮ ಪಟ್ಟಿ ಬಸ್ ಡ್ರೈವರನ ಕೈಯಲ್ಲಿರುತ್ತದೆ. ಬೆಂಗಳೂರಿನ ಪಿವಿಆರ್‌ನಲ್ಲಿ ಸಿನಿಮಾ ವರ್ಷ ದಾಟಿ ಓಡಿತಂತೆ ಎಂದು ಯಾರೋ ದೊಡ್ಡಪ್ಪನಿಗೆ ಹೇಳಿದರು. ಅವರು ಕಣದಲ್ಲಿ ನಿಂತು ಆಕಾಶ ನೋಡುತ್ತಾ, ‘ಅಲ್ಲಯ್ಯಾ, ಕೊಯ್ಲಿನ ಟೈಮಲ್ಲಿ ಮಳೆ ಕರೆಯೋಕೆ ಇವರಿಗೆ ಯಾರು ಹೇಳಿದ್ದು?’ ಅಂದರು.

ತಮಾಷೆಯೆಂದರೆ ಆ ಹಾಡನ್ನು ಕಟ್ಟಿದವರಲ್ಲಿ ಯಾರೂ ನಮ್ಮ ಗುಡ್ಡದವರಲ್ಲ. ರಾಗ ಹಾಕಿದವರು ಅಮೆರಿಕದಲ್ಲಿ ನೆಲೆಸಿದವರು. ಬರೆದವರು ಗೋಕರ್ಣದವರು, ಮುಂಬಯಿಯಲ್ಲಿ ಬಹುಕಾಲ ಇದ್ದವರು. ಹಾಡಿದವರು ಹುಟ್ಟಿದ್ದು ಹರಿಯಾಣದ ಫರೀದಾಬಾದಿನಲ್ಲಿ. ಮಳೆಹಾಡು ಎಂದು ನಾವು ಕರೆಯುವ ಅದರಲ್ಲಿ ಮಳೆಯ ಪ್ರಸ್ತಾಪವೂ ಜಾಸ್ತಿಯಿಲ್ಲ, ಒಂದು ಕಡೆ ಸೋನೆ ಬಂದುಹೋಗುತ್ತದೆ, ಅಷ್ಟೆ. ದೊಡ್ಡಪ್ಪನ ಗೇಜಿನಲ್ಲಿ ಎರಡು ಸೆಂಟೂ ಬರಲಿಕ್ಕಿಲ್ಲ. ಆದರೂ ಅದು ನಮ್ಮದಾಯಿತು. ಸಿನಿಮಾದ ನಾಯಕರು ಪ್ರೀತಿಯನ್ನು ಘರ್ಜಿಸುತ್ತಿದ್ದ ಕಾಲದಲ್ಲಿ, ಇವನೊಬ್ಬ ಬಂದು ತನಗೇ ಖಾತ್ರಿಯಿಲ್ಲದವನಂತೆ ಮೆಲ್ಲಗೆ ಅನುಮಾನ ಹೇಳಿಕೊಂಡ. ಮಲೆನಾಡಿನವರು ಪ್ರೀತಿಯನ್ನು ಹೇಳುವುದೇ ಹಾಗೆ, ಹೇಳಿದರೆ. 2025ರಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಆಡಿದ ಮಾತಿಗಾಗಿ ಆ ಗಾಯಕರ ಮೇಲೆ ಕನ್ನಡಿಗರಿಗೆ ಸಿಟ್ಟು ಬಂತು, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರವನ್ನೂ ಘೋಷಿಸಿತು, ಅವರು ಕ್ಷಮೆ ಕೇಳಿದರು. ನಮ್ಮ ಪಿಕಪ್ಪಿನಲ್ಲಿ ಆ ವಾರವೂ ಹಾಡು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಗಾಯಕನದಾಗಿ ಉಳಿದಿರಲಿಲ್ಲ.

ನಮ್ಮ ಹೋಂಸ್ಟೇಗೆ ಬರುವ ಬೆಂಗಳೂರಿನವರು ‘ಮುಂಗಾರು ಮಳೆ ಶೂಟಿಂಗ್ ಆದ ಜಾಗ ಎಲ್ಲಿ?’ ಎಂದು ಕೇಳುತ್ತಾರೆ. ಅದು ಸಕಲೇಶಪುರ, ಮಡಿಕೇರಿ, ಜೋಗ ಎಂದರೆ ಮುಖ ಸಪ್ಪಗಾಗುತ್ತದೆ. ನಮ್ಮ ಹುಡುಗ ಬುದ್ಧಿವಂತ, ‘ಅಲ್ಲಿ ಕಾಣ್ತಲ್ಲ ಗುಡ್ಡ, ಅಂಥದ್ದೇ ಇನ್ನೊಂದರಲ್ಲಿ’ ಎನ್ನುತ್ತಾನೆ. ಸುಳ್ಳಲ್ಲ, ಅವರಿಗೂ ತೃಪ್ತಿ. ಮೊದಲು ಹೀಗೆ ಬರುತ್ತಿದ್ದವರು ತೇಜಸ್ವಿಯವರ ‘ಕರ್ವಾಲೋ’ ಓದಿಕೊಂಡು ಮೂಡಿಗೆರೆ ಕಾಡಿನಲ್ಲಿ ಹಾರುವ ಓತಿ ಹುಡುಕುತ್ತಿದ್ದರು. ತೇಜಸ್ವಿ ತೀರಿಕೊಂಡದ್ದು 2007ರ ಏಪ್ರಿಲ್ 5ರಂದು, ಹಾಡು ಊರೆಲ್ಲ ಹಬ್ಬಿದ್ದ ಹೊತ್ತಿನಲ್ಲೇ. ಅವರು ಅದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಸಿನಿಮಾ, ಹಾಡುಗಳಿಗೆ ಭೂಗೋಳ ಯಾವಾಗಲೂ ಸ್ವಲ್ಪ ಸಡಿಲ. ಅದೇ ಭಟ್ಟರ ‘ಗಾಳಿಪಟ’ 2008ರಲ್ಲಿ ಬಂದ ಮೇಲೆ ಕೊಡಗಿನ ಮಾಂದಲಪಟ್ಟಿಗೆ ಜನ ಮುಗಿಲುಪೇಟೆ ಎಂದೇ ಹೆಸರಿಟ್ಟುಬಿಟ್ಟರು. 1988ರಲ್ಲಿ ಐರ್ಲೆಂಡಿನ ಎನ್ಯಾ ಹಾಡಿದ ‘ಒರಿನೊಕೊ ಫ್ಲೋ’ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಒರಿನೊಕೊ ಎಂದರೆ ವೆನೆಜುವೆಲಾದ ಹೊಳೆ. ಆದರೆ ಹಾಡಿಗೆ ಹೆಸರು ಬಂದದ್ದು ಲಂಡನ್ನಿನ ಒಂದು ಸ್ಟುಡಿಯೋದಿಂದ!

ಎನ್ಯಾ ನೆನಪಾದದ್ದು ಅತಿಥಿಗಳಿಂದ. ಅವರು ಅಂಗೈಯಷ್ಟು ಸ್ಪೀಕರ್ ತರುತ್ತಾರೆ. ‘ನ್ಯೂ ಏಜ್ ಮ್ಯೂಸಿಕ್ ಅಂಕಲ್, ರಿಲ್ಯಾಕ್ಸ್ ಆಗುತ್ತೆ’ ಎಂದು ಹಾಕುತ್ತಾರೆ. ಅದರಲ್ಲಿ ಕೊಳಲು, ಹಕ್ಕಿ, ಮಳೆ. ಹೊರಗೆ ಪುನರ್ವಸು ಮಳೆ ತಗಡಿನ ಮೇಲೆ ಬಡಿಯುತ್ತಿರುತ್ತದೆ, ಒಳಗೆ ಎಲ್ಲೋ ಧ್ವನಿಮುದ್ರಿಸಿದ ಮಳೆಯನ್ನು ವಾಲ್ಯೂಮ್ ಜಾಸ್ತಿ ಮಾಡಿ ಕೇಳುತ್ತಿರುತ್ತಾರೆ. ಆ ಬಗೆಯ ಸಂಗೀತವನ್ನು ನಾನು ಹಗುರಾಗಿ ಕಾಣುವುದಿಲ್ಲ. ನಮ್ಮ ಬೆಂಗಳೂರಿನ ರಿಕಿ ಕೇಜ್, ದಕ್ಷಿಣ ಆಫ್ರಿಕಾದ ಕೊಳಲುವಾದಕ ವೂಟರ್ ಕೆಲ್ಲರ್‌ಮನ್ ಜೊತೆ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ ಅಮೆರಿಕದ ನ್ಯೂ ಏಜ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, 2015ರಲ್ಲಿ ಗ್ರ್ಯಾಮಿಯನ್ನೂ ತಂದಿತು. ಬೇಸಿಗೆಯ ರಾತ್ರಿ ಅಂಗಳದಲ್ಲಿ ಕೇಳಲು ಸೊಗಸಾಗಿದೆ. ಆದರೆ ಆಷಾಢದಲ್ಲಿ ಆ ಕೊಳಲು ತಗಡಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ‘ಅನಿಸುತಿದೆ’ ಮುಳುಗುವುದಿಲ್ಲ. ಅದೂ ಕಿವಿಗೆ ಬೀಳುವುದಿಲ್ಲ, ನಿಜ. ಆದರೆ ಎಲ್ಲರಿಗೂ ಬಾಯಿಪಾಠವಾದ್ದರಿಂದ, ಕೇಳಿಸದಿದ್ದ ಸಾಲನ್ನು ಕೂತವರೇ ತುಂಬಿಕೊಳ್ಳುತ್ತಾರೆ. ಕಳೆದ ಮಳೆಗಾಲ ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಈಚೆ ಸಿಕ್ಕಿಕೊಂಡವರು ಟೀ ಅಂಗಡಿಯಲ್ಲಿ ಮಾಡಿದ್ದೂ ಅದನ್ನೇ. ಕರೆಂಟಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ, ಒಬ್ಬ ಗುನುಗಿದ, ಉಳಿದವರು ಸೇರಿಕೊಂಡರು. ಶ್ರುತಿಯ ಮಾತು ಬೇಡ. ಇಪ್ಪತ್ತು ವರ್ಷ ಬಾಳುವ ಹಾಡಿಗೆ ಇದಕ್ಕಿಂತ ಬೇರೆ ಪ್ರಶಸ್ತಿ ಬೇಕೆಂದು ನನಗೆ ತೋರುವುದಿಲ್ಲ.

ದೊಡ್ಡಪ್ಪನಿಗೂ ಹಾಡು ಬರುತ್ತದೆಂದು ನನಗೆ ಗುಮಾನಿಯಿದೆ. ಗೇಜಿನ ನೀರು ಚೆಲ್ಲುವಾಗ ಶಿಳ್ಳೆ ಹೊಡೆಯುವುದನ್ನು ಕೇಳಿದ್ದೇನೆ. ಕೇಳಿದರೆ ಒಪ್ಪುವುದಿಲ್ಲ.

ಈ ಮಳೆಗಾಲದಲ್ಲಿ ಬರುವವರಿದ್ದರೆ ಖಂಡಿತ ಬನ್ನಿ. ಕಡುಬು, ಕಳಲೆ ಪಲ್ಯ ಇರುತ್ತದೆ, ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ನಾವೇ ಕೊಡುತ್ತೇವೆ. ಸ್ಪೀಕರ್ ಮಾತ್ರ ಮನೆಯಲ್ಲೇ ಬಿಟ್ಟು, ಒಂದು ಗಟ್ಟಿ ಛತ್ರಿ ತನ್ನಿ.