ಮರಳು ಕಂಡಿತು, ಗುಂಡಿ ಕಾಣಲಿಲ್ಲ

ಹೊಳೆಯಲ್ಲಿ ಮರಳು ಎಲ್ಲಿದೆ ಎಂದು ತಿಳಿಯಲು ಆಕಾಶದಿಂದ ಫೋಟೊ ತೆಗೆಯಬೇಕು ಅಂತ ಮದ್ದೂರಿನ ಟಿಪ್ಪರ್ ಡ್ರೈವರಿಗೆ ಹೇಳಿ ನೋಡಿ. ಬಾಯಲ್ಲಿರುವ ವಡೆ ನುಂಗುವುದರೊಳಗೆ ನಗು ಬಂದುಬಿಡುತ್ತದೆ. "ಅದ್ಕ್ಯಾಕ್ ಸಾ ಏರೋಪ್ಲೇನು? ನಮ್ ಗಾಡಿ ಹತ್ಕಳಿ, ಮಧ್ಯರಾತ್ರಿ ಕರ್ಕೊಂಡೋಗಿ ತೋರುಸ್ತೀನಿ" ಅನ್ನುತ್ತಾನೆ.

ಆದರೂ ವಿದ್ಯೆ ಅಂತ ಒಂದಿದೆಯಲ್ಲ. ವಾಯುಚಿತ್ರ ಓದುವುದನ್ನು ಕಲಿಸಲೆಂದೇ 1966ರಲ್ಲಿ ಡೆಹ್ರಾಡೂನ್‌ನಲ್ಲಿ ಸಂಸ್ಥೆ ಕಟ್ಟಿದ ದೇಶ ನಮ್ಮದು. ಕಪ್ಪುಬಿಳುಪು ಚಿತ್ರದಲ್ಲಿ ಒಣಮರಳು ಬೆಳ್ಳಗೆ ಹೊಳೆಯುತ್ತದೆ, ಒದ್ದೆ ಗೋಡು ಕಪ್ಪಗಿರುತ್ತದೆ. ಹೊಳೆ ತಿರುಗುವ ಕಡೆ ನೀರು ಹೊರದಂಡೆಯನ್ನು ಕೊರೆದು ಒಳಮಗ್ಗುಲಲ್ಲಿ ಮರಳು ಹಾಸಿ ಹೋಗುತ್ತದೆ. ಒಂದೇ ಜಾಗದ ಎರಡು ಚಿತ್ರಗಳನ್ನು ಸ್ಟೀರಿಯೊಸ್ಕೋಪಿನ ಕೆಳಗೆ ಜೋಡಿಸಿಟ್ಟರೆ ನೆಲ ಉಬ್ಬುತಗ್ಗಾಗಿ ಎದ್ದು ನಿಲ್ಲುತ್ತದೆ. ಗರಸಿನ ದಿಣ್ಣೆ, ಗದ್ದೆಯಡಿ ಹೂತುಹೋದ ಹಳೇ ಹೊಳೆಯ ಜಾಡು ಎಲ್ಲ ಸಿಕ್ಕಿಬೀಳುತ್ತವೆ. ಎತ್ತಿನಗಾಡಿಯಲ್ಲಿ ಮರಳು ಹೊಡೆಯುತ್ತಿದ್ದ ಅಜ್ಜನಿಗೆ ಇದರಲ್ಲಿ ಮುಕ್ಕಾಲು ಪಾಲು ಬರಿಗಾಲಿಗೇ ಗೊತ್ತಿತ್ತು. ಸರ್ಟಿಫಿಕೇಟು ಇರಲಿಲ್ಲ, ಅಷ್ಟೆ.

ಈಗ ಶಿಂಷೆಗೆ ಬನ್ನಿ. ದೇವರಾಯನದುರ್ಗದಲ್ಲಿ ಹುಟ್ಟಿ, ಮದ್ದೂರು ದಾಟಿ, ಮಳವಳ್ಳಿ ಸೀಮೆಯಲ್ಲಿ ಕಾವೇರಿ ಸೇರುವ ಈ ಹೊಳೆಯನ್ನು ಮೇಲಿನಿಂದ ನೋಡಿದರೆ ಮರಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಮರಳು ತೆಗೆದ ಗುರುತು. ಎಷ್ಟೋ ಕಡೆ ಬಂಡೆ ಬತ್ತಲಾಗಿದೆ, ಗುಂಡಿಯಲ್ಲಿ ನೀರು ನಿಂತಿದೆ, ದಂಡೆಯಿಂದ ಪಾತ್ರಕ್ಕೆ ಟೈರಿನ ದಾರಿ ಇಳಿದಿದೆ. ಮರಳು ತೋರಿಸುವ ಚಿತ್ರವೇ ಕಳ್ಳತನವನ್ನೂ ತೋರಿಸುತ್ತದೆ. ನಮ್ಮವರು ಮೊದಲನೆಯದನ್ನು ಓದುವಾಗ ಕನ್ನಡಕ ಹಾಕಿಕೊಳ್ಳುತ್ತಾರೆ, ಎರಡನೆಯದಕ್ಕೆ ತೆಗೆದಿಡುತ್ತಾರೆ.

ಕಾನೂನು ಸುಮ್ಮನೆ ಕೂತಿದೆ ಅನ್ನಬೇಡಿ. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೋರ್ಟಿನ ಮೇಲಿನ ಗೌರವದಿಂದ ನಮ್ಮ ಧಣಿಗಳು ಗುತ್ತಿಗೆಯ ಗೋಜನ್ನೇ ಬಿಟ್ಟರು. ಗುತ್ತಿಗೆಯೇ ಇಲ್ಲದ ಮೇಲೆ ಅನುಮತಿ ಯಾತಕ್ಕೆ? 2016ರಲ್ಲಿ ಕೇಂದ್ರ ಗಣಿ ಸಚಿವಾಲಯ ಗಣಿಗಳ ಮೇಲೆ ಉಪಗ್ರಹದ ಕಾವಲು ಹಾಕಿತು. ಗುತ್ತಿಗೆಯ ಗಡಿಯಿಂದ ಸುತ್ತ 500 ಮೀಟರಿನೊಳಗೆ ನೆಲ ಅಲ್ಲಾಡಿದರೆ ಎಚ್ಚರಿಕೆ ಬರುತ್ತದಂತೆ. ಗಡಿಯೇ ಇಲ್ಲದವನ ಸುತ್ತ ಎಲ್ಲಿಂದ ಅಳೆಯುವುದು? ಹೀಗಾಗಿ ಪರ್ಮಿಟ್ ಪಡೆದವನಿಗೆ ಉಪಗ್ರಹ, ಪಡೆಯದವನಿಗೆ ಅಮಾವಾಸ್ಯೆ.

2020ರಲ್ಲಿ ಪರಿಸರ ಸಚಿವಾಲಯದ ಮಾರ್ಗಸೂಚಿ ಬಂತು. ಡ್ರೋನ್ ಹಾರಿಸಿ, ಕತ್ತಲಲ್ಲೂ ಕಾಣುವಂಥದ್ದನ್ನು ಹಾರಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಮರಳು ಅಳೆಯಿರಿ. 3 ಮೀಟರಿಗಿಂತ ಆಳಕ್ಕೆ ಹೋಗಬೇಡಿ. ಬಂಡೆ ಎದ್ದ ಹೊಳೆಯಲ್ಲಿ ಮೂರು ಮೀಟರ್ ಮರಳು ಇನ್ನೂ ಇದ್ದೀತೆಂದು ನಂಬಿದ ಆ ದೊಡ್ಡ ಮನಸ್ಸಿಗೆ ಕೈ ಮುಗಿಯಬೇಕು.

ಹೊಳೆ ಬರಿದಾದರೇನು, ಫಿಲ್ಟರ್ ಮರಳಿದೆ. ಕೆರೆಯಂಗಳವನ್ನೋ ಹೊಲವನ್ನೋ ಬಗೆದು, ಆ ಮಣ್ಣಿಗೆ ಮೋಟಾರಿನ ನೀರು ಬಿಟ್ಟು ತೊಳೆದರೆ ಉಳಿಯುವುದೇ ಅದು. ಜೇಡಿ ಪೂರ್ತಿ ಹೋಗದ ಈ ಮರಳಿಗೆ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ, ದಂಧೆಯೂ ಅಕ್ರಮ. ತಮಾಷೆಯೆಂದರೆ ಆಕಾಶದಿಂದ ಹಿಡಿಯಲು ಇದಕ್ಕಿಂತ ಸುಲಭದ್ದು ಬೇರೊಂದಿಲ್ಲ. ಹಸಿರು ಕಬ್ಬಿನ ನಡುವೆ ಕೆಂಪು ನೀರಿನ ಹೊಂಡ, ಪಕ್ಕದಲ್ಲಿ ಬಿಳಿ ರಾಶಿ. ಎರಡನೇ ಕ್ಲಾಸಿನ ಮಗುವೂ ಬೆರಳಿಟ್ಟು ತೋರಿಸುತ್ತದೆ. ಸಂಬಳ ಪಡೆಯುವವರಿಗೆ ಮಾತ್ರ 'ಸ್ಥಳ ಪರಿಶೀಲನೆ' ಆಗಬೇಕು. ಅವರ ಜೀಪು ಹೊರಡುವ ಮೊದಲೇ ಹೊಂಡದ ಬಳಿಯ ಮೊಬೈಲು ಗುನುಗುತ್ತದೆ.

ಬೆಂಗಳೂರಿಗೆ ಕಾವೇರಿ ನೀರು ಹತ್ತುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಮರಳೂ ಹೊರಡುವುದು ಅದೇ ದಿಕ್ಕಿಗೆ. ಪೈಪಿನಲ್ಲಿ ಹೋಗುವುದಕ್ಕೆ ಮೀಟರಿದೆ, ಟಾರ್ಪಾಲಿನಡಿ ಹೋಗುವುದಕ್ಕಿಲ್ಲ. ನೀರು ಹಿಡಿದಿಡುವ ಮರಳು ಹೋದ ಮೇಲೆ ದಂಡೆಯ ಬಾವಿ ಬತ್ತಿದರೆ ಬೈಸಿಕೊಳ್ಳುವುದು ಮಾತ್ರ ಮಳೆರಾಯ. ಎಂ-ಸ್ಯಾಂಡ್ ಇದೆಯಲ್ಲ ಅನ್ನುತ್ತೀರಾ? ಅದಕ್ಕೆ ಬೆಟ್ಟ ಒಡೆಯಬೇಕು. ಬೇಬಿ ಬೆಟ್ಟದ ಕಲ್ಲುಗಣಿಯ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೇ ಎಂಬ ಚರ್ಚೆಯೆದ್ದು, 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸಬೇಕಾಯಿತು.

ಮದ್ದೂರು, ಮಳವಳ್ಳಿ ಕಡೆಯ ಓದುಗರಲ್ಲಿ ಒಂದು ಅರಿಕೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರವೂ ಪುಕ್ಕಟೆ ಸಿಗುತ್ತದೆ. ನಿಮ್ಮೂರ ಹೊಳೆಯ ಹಳೆಯದೊಂದು, ಈಗಿನದೊಂದು ಚಿತ್ರ ಮುದ್ರಿಸಿಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ, ಮೇಜಿನ ಮೇಲಿಡಿ. ಈ ಎರಡು ಚಿತ್ರಗಳ ನಡುವೆ ಸರ್ಕಾರಕ್ಕೆ ಎಷ್ಟು ರಾಯಧನ ಬಂತು ಎಂದಷ್ಟೇ ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.